ಮಿತ್ರಾ ನಡುಮನೆಗೆ ಬಂದಳು

ಅಜ್ಜಂಪುರ
21 ಅಕ್ಟೋಬರ್ 2024

ಲೇ ಮಿತ್ರಾ,

ಕಾಗದ ಬರೆಯೋದು ನನಗೆ ಬರಲ್ಲ ಕಣೇ. ಹತ್ತನೇ ಕ್ಲಾಸಿನ ಕನ್ನಡ ಪೇಪರಿನಲ್ಲಿ ರಜಾ ಅರ್ಜಿ ಬರೆದಿದ್ದೇ ಕೊನೆ. ಆದ್ರೆ ಇನ್ನೇನು ಮಾಡಲಿ? ಫೋನಲ್ಲಿ ಬ್ಲಾಕ್ ಮಾಡಿದೀಯ. ಇನ್‌ಸ್ಟಾದಲ್ಲಿ ಹುಡುಕಿದ್ರೆ ನೀನೇ ಇಲ್ಲ. ಅಮ್ಮನ ಫೋನಿಂದ ಮಾಡಿದೆ, ನಾನು ಅಂತ ಗೊತ್ತಾದ ತಕ್ಷಣ ನೀನು ಇಟ್ಟುಬಿಟ್ಟೆ, ಆಮೇಲೆ ಆ ನಂಬರೂ ಬ್ಲಾಕ್ ಆಯ್ತು. ಕೊನೆಗೆ ಕಾಲೇಜ್ ಆಫೀಸಿನ ಹನುಮಂತಯ್ಯನವರ ಹತ್ರ ಗೋಗರೆದು ಚೌಳಹಿರಿಯೂರಿನ ನಿನ್ನ ವಿಳಾಸ ಈಸ್ಕೊಂಡೆ. ಏನಮ್ಮಾ, ಫೋನಿಲ್ವಾ ಅವಳಿಗೆ ಅಂತ ಕೇಳಿದ್ರು. ಕೆಟ್ಟಿದೆ ಸಾರ್ ಅಂದೆ.

ಜಾವಾ ಸೆಮಿನಾರ್ ಆದ ಮಾರನೇ ದಿನದಿಂದ ನೀನು ಕಾಲೇಜಿಗೆ ಬಂದಿಲ್ಲ. ಮೊದಲು ಜ್ವರ ಅಂದ್ಕೊಂಡೆ. ಬ್ಲಾಕ್ ಮಾಡಿದ್ದು ನೋಡಿದ ಮೇಲೆ ಜ್ವರ ಅಲ್ಲ ಅಂತ ಗೊತ್ತಾಯ್ತು. ನಾನೇನು ಮಾಡಿದೆ? ಅದನ್ನಾದ್ರೂ ಹೇಳು. ನನ್ನ ಸೆಮಿನಾರ್ ಚೆನ್ನಾಗಾಯ್ತು ಅಂತ ಹೊಟ್ಟೆಕಿಚ್ಚಾ? ಅಂಥೋಳಲ್ಲ ನೀನು.

ರಾಜಶೇಖರ್ ಸರ್ ಹೇಳಿದ್ರಲ್ಲ, ಪುಸ್ತಕದಲ್ಲಿರೋ ಬ್ಯಾಂಕ್ ಖಾತೆ ಉದಾಹರಣೆ ತಂದೋರಿಗೆ ಮಾರ್ಕ್ಸ್ ಇಲ್ಲ, ನಿಮ್ಮ ಮನೆಯಿಂದ, ನಿಮ್ಮ ಊರಿಂದ ತನ್ನಿ ಅಂತ. ಅದಕ್ಕೇ ನಾನು ಜಾವಾ ಪ್ರೋಗ್ರಾಂನಲ್ಲಿ ಮನೆ ಅಂತ ಒಂದು ಕ್ಲಾಸ್ ಬರೆದೆ. ಜಗಲಿ ಪಬ್ಲಿಕ್, ಯಾರು ಬೇಕಾದ್ರೂ ಬರಬಹುದು. ನಡುಮನೆ ಪ್ರೊಟೆಕ್ಟೆಡ್, ನಮ್ಮೋರು ನೆಂಟರು ಮಾತ್ರ. ಅಡಿಗೆಮನೆ ಪ್ರೈವೇಟ್, ಅಜ್ಜಿ ಬಿಟ್ಟು ಇನ್ಯಾರೂ ಹೋಗಂಗಿಲ್ಲ. ಸರ್‌ಗೆ ಎಷ್ಟು ಇಷ್ಟ ಆಯ್ತು ನೋಡಿದ್ಯಲ್ಲ. ಆಮೇಲೆ ಮಿತ್ರಾ ಅಂತ ಇನ್ನೊಂದು ಕ್ಲಾಸ್ ಮಾಡಿ ನಡುಮನೆಗೆ ಕಳಿಸಿದೆ, ಎರರ್ ಬಂತು, ಪ್ರವೇಶ ಇಲ್ಲ ಅಂತ ಪರದೆ ಮೇಲೆ ಕೆಂಪಗೆ ಬಂತು, ಕ್ಲಾಸೆಲ್ಲ ನಕ್ಕಿತು. ನೀನು ನಗಲಿಲ್ಲ ಅಂತ ಈಗ ನೆನಪಾಗ್ತಿದೆ. ತಮಾಷೆಗೆ ಬೇಜಾರು ಮಾಡ್ಕೊಳ್ತಾರೇನೇ? ನಿನ್ನ ಹೆಸರಿಟ್ಟಿದ್ದು ನೀನು ನನ್ನ ಫ್ರೆಂಡ್ ಅಂತ. ಬೇರೆಯೋರ ಹೆಸರು ಇಡೋಕಾಗುತ್ತಾ?

ಪ್ರಾಜೆಕ್ಟ್ ಇಬ್ಬರದೂ ಸೇರಿ ಒಂದೇ. ಅದಕ್ಕಿಂತ ದೊಡ್ಡದು ಅಟೆಂಡೆನ್ಸ್. ಇನ್ನೊಂದಿಷ್ಟು ದಿನ ಹೀಗೇ ಆದ್ರೆ ನಿನಗೆ ಹಾಲ್ ಟಿಕೆಟ್ ಕೊಡಲ್ಲ, ವರ್ಷ ಹೋಗುತ್ತೆ. ಬಾ. ಬಂದು ನನ್ನ ಬೈ.

ನಿನ್ನ
ಸ್ಫೂರ್ತಿ


ಅಜ್ಜಂಪುರ
4 ನವೆಂಬರ್ 2024

ಮಿತ್ರಾ,

ಉತ್ತರ ಇಲ್ಲ. ಪೋಸ್ಟ್ ಹೋಗಿದೆಯೋ ಇಲ್ವೋ ಅಂತ ಅಂಚೆ ಕಚೇರಿಗೆ ಹೋಗಿ ಕೇಳಿದೆ. ಹೋಗಿರುತ್ತಮ್ಮ, ಎಲ್ಲಿಗೆ ಹೋಗುತ್ತೆ ಇಲ್ದಿದ್ರೆ ಅಂದ್ರು. ದೀಪಾವಳಿ ರಜಾದಲ್ಲಿ ಒಂದು ಕಡೆ ಕೂರೋಕಾಗಲಿಲ್ಲ ನನಗೆ. ಅಮ್ಮ ಏನೇ ಕಾಲಿಗೆ ಚಕ್ರ ಕಟ್ಕೊಂಡಿದೀಯ ಅಂತಾಳೆ. ಲ್ಯಾಪ್‌ಟಾಪ್ ತೆಗೀತೀನಿ, ಮುಚ್ತೀನಿ. ಪ್ರಾಜೆಕ್ಟಿನಲ್ಲಿ ನಿನ್ನ ಭಾಗ ಖಾಲಿ ಇದೆ. ನಾನೇ ಬರೆದುಬಿಡಬಹುದು. ಬರೆಯೋಕೆ ಕೈ ಓಡಲ್ಲ.

ಕಾಲೇಜಿಗೆ ಹೋಗೋ ಮುಂಚೆ ಕಡೂರು ಬಸ್‌ಸ್ಟ್ಯಾಂಡಲ್ಲಿ ದಿನಾ ಬೆಳಿಗ್ಗೆ ನಿಮ್ಮೂರ ಬಸ್ಸಿನ ಮುಂದೆ ನಿಲ್ತೀನಿ. ಎಲ್ಲರೂ ಇಳೀತಾರೆ. ಕಂಡಕ್ಟರ್ ಮೊನ್ನೆ, ಯಾರಮ್ಮಾ ಬರಬೇಕು ಅಂದ. ಅಶ್ವಿನಿ ನನ್ನ ಕೈ ಹಿಡಿದು ಎಳ್ಕೊಂಡು ಹೋದಳು, ಬಿಡೇ, ಕೊಬ್ಬು ಅವಳಿಗೆ ಅಂದಳು. ಅವಳ ಜೊತೆ ಜಗಳ ಆಡಿದೆ. ಈಗ ಅವಳೂ ಮಾತಾಡಲ್ಲ. ಒಬ್ಬಳೇ ಕೂತ್ಕೋತೀನಿ.

ಅಮ್ಮಂಗೆ ಕೇಳಿದೆ, ಗೌರಿ ಹಬ್ಬದ ಹಿಂದಿನ ದಿನ ಅವಳು ರೆಕಾರ್ಡ್ ಬುಕ್ಕಿಗೆ ಅಂತ ನಮ್ಮನೆಗೆ ಬಂದಿದ್ದಳಲ್ಲ, ಆವಾಗ ನೀವೇನಾದ್ರೂ ಅಂದ್ರಾ ಅಂತ. ಅಯ್ಯೋ ಚೆನ್ನಾಗೇ ನೋಡ್ಕೊಂಡ್ವಲ್ಲೇ, ಜಗಲೀಲಿ ಚಾಪೆ ಹಾಸಿದ್ದೆ, ಟೀ ಕೊಟ್ಟಿದ್ದೆ, ನಿಮ್ಮಪ್ಪನ ಅಡಿಕೆ ಮಂಡಿಗೆ ತಂದಿದ್ದ ಹೊಸ ಪೇಪರ್ ಲೋಟದಲ್ಲೇ ಕೊಟ್ಟಿದ್ದೆ ಅಂದಳು. ಅಜ್ಜಿ ಕೂಡ ಏನೂ ಅನ್ನಲಿಲ್ಲವಲ್ಲ ಅವತ್ತು. ಮತ್ತೆ ಏನು ನಿನಗೆ?

ಬರೆಯೇ. ಬೈದಾದ್ರೂ ಬರಿ.

ಸ್ಫೂರ್ತಿ


ಚೌಳಹಿರಿಯೂರು
9 ನವೆಂಬರ್ 2024

ಸ್ಫೂರ್ತಿ,

ಎರಡು ಕಾಗದವೂ ಬಂದಿವೆ. ಏನು ಮಾಡಿದೆ ಅಂತ ಕೇಳ್ತೀಯ. ಬೈಯಲ್ಲ. ಜಾವಾದಲ್ಲೇ ಹೇಳ್ತೀನಿ, ನಿನಗೆ ಬೇಗ ಅರ್ಥ ಆಗುತ್ತೆ.

ಪ್ಯಾಕೇಜ್ ಅಂದ್ರೆ ಕ್ಲಾಸುಗಳನ್ನ ಇಡೋ ಫೋಲ್ಡರ್. ಇದನ್ನ ನನಗೆ ಹೇಳಿಕೊಟ್ಟೋಳು ನೀನೇ, ಕ್ಯಾಂಟೀನ್ ಹಿಂದಿನ ಕಟ್ಟೆ ಮೇಲೆ ಕೂತು. ಒಂದೇ ಪ್ಯಾಕೇಜಿನಲ್ಲಿರೋ ಕ್ಲಾಸುಗಳಿಗೆ ಪ್ರೊಟೆಕ್ಟೆಡ್ ಅಡ್ಡ ಬರಲ್ಲ. ಅವು ಸಲೀಸಾಗಿ ಒಳಗೆ ಹೋಗ್ತವೆ. ನಿನ್ನ ಮನೆ ಕ್ಲಾಸು, ನನ್ನ ಹೆಸರಿನ ಕ್ಲಾಸು ಒಂದೇ ಕಡೆ ಇದ್ದಿದ್ರೆ ಎರರ್ ಬರ್ತಾನೇ ಇರಲಿಲ್ಲ.

ಅಂದ್ರೆ ಎರರ್ ಬರಲಿ ಅಂತ ನೀನು ಇನ್ನೊಂದು ಪ್ಯಾಕೇಜ್ ಮಾಡಿ ನನ್ನನ್ನ ಅದರಲ್ಲಿ ಇಟ್ಟಿದೀಯ. ಅದಕ್ಕೆ ಹೆಸರೂ ಕೊಟ್ಟಿದೀಯ. ಮೊದಲನೇ ಸಾಲಿನಲ್ಲೇ ಇತ್ತು, ಪರದೆ ಮೇಲೆ ಓದಿದೆ. ಹೊರಗೆ.

ತಮಾಷೆ ಅಂತೀಯ. ಅಶ್ವಿನಿ ನಿಮ್ಮನೆಗೆ ಬಂದ್ರೆ ಸೋಫಾ ಮೇಲೆ ಕಾಲು ಚಾಚಿ ಟಿವಿ ನೋಡ್ತಾಳೆ, ಅವಳೇ ಹೇಳಿದಾಳೆ. ಅವಳ ಹೆಸರು ಯಾಕೆ ಇಡಲಿಲ್ಲ? ನಾವು ಮನೇಲಿ ಬುದ್ಧನ ಫೋಟೊ ಇಟ್ಕೊಂಡೋರು. ಅದಕ್ಕೆ ಮುಂಚೆ ನಮ್ಮನ್ನ ಏನಂತಿದ್ರು ಅಂತ ನಿಮ್ಮಜ್ಜಿಗೆ ಗೊತ್ತು, ಕ್ಲಾಸಿಗೂ ಗೊತ್ತು. ಅದಕ್ಕೇ ಎಲ್ಲರಿಗೂ ಅಷ್ಟು ಬೇಗ ನಗು ಬಂತು. ಸರ್ ಕೂಡ ನಕ್ಕರು. ನಿನಗೆ ಹತ್ತಕ್ಕೆ ಒಂಬತ್ತು ಕೊಟ್ಟರು.

ಎಲ್ಲ ಪುಸ್ತಕದಲ್ಲೂ ಬ್ಯಾಂಕ್ ಖಾತೆ ಉದಾಹರಣೆನೇ ಯಾಕಿರುತ್ತೆ ಅಂತ ನನಗೆ ಈಗ ಗೊತ್ತಾಯ್ತು.

ಅರಸೀಕೆರೆ ಕಡೆ ಗಾರ್ಮೆಂಟ್ಸಿಗೆ ಸೇರ್ತೀನಿ ಅಂತ ಅಪ್ಪಂಗೆ ಹೇಳಿದೀನಿ. ಪ್ರಾಜೆಕ್ಟ್ ನೀನೇ ಮುಗಿಸು.

ಸಂಘಮಿತ್ರಾ


ಅಜ್ಜಂಪುರ
12 ನವೆಂಬರ್ 2024

ಮಿತ್ರಾ,

ಓದಿ ಮೈಯೆಲ್ಲ ಉರಿದುಹೋಯ್ತು. ನಾನು ಜಾತಿ ಗೀತಿ ನೋಡೋಳಲ್ಲ, ಅದು ನಿನಗೆ ಗೊತ್ತು. ಎರಡು ವರ್ಷದಿಂದ ಒಂದೇ ಬೆಂಚು. ಒಂದೇ ಡಬ್ಬಿಯಲ್ಲಿ ಊಟ ಮಾಡಿಲ್ವಾ ನಾವು? ಅದೆಲ್ಲ ಲೆಕ್ಕಕ್ಕಿಲ್ವಾ? ಒಂದು ಪ್ಯಾಕೇಜ್ ಹೆಸರು ಇಟ್ಕೊಂಡು ನನ್ನನ್ನ ಯಾರ ಸಾಲಿಗೆ ಸೇರಿಸ್ತಿದೀಯ?

ಪ್ರೊಟೆಕ್ಟೆಡ್ ಅಂದ್ರೆ ಏನು ಅಂತ ತೋರಿಸಬೇಕಾದ್ರೆ ಎರರ್ ತೋರಿಸಲೇಬೇಕು. ಬೇರೆ ಪ್ಯಾಕೇಜ್ ಮಾಡಲೇಬೇಕು. ಸಿಲಬಸ್ಸೇ ಹಂಗಿದೆ. ಅದಕ್ಕೆ ನಾನೇನು ಮಾಡಲಿ?

ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೋ, ಗಾರ್ಮೆಂಟ್ಸಿಗೆ ಯಾಕೆ ಹೋಗ್ತೀಯ? ಮೊದಲ ಸೆಮಿಸ್ಟರಿನಲ್ಲಿ ಕ್ಲಾಸಿಗೇ ಫಸ್ಟ್ ಬಂದೋಳು ಮಿಷನ್ ಮುಂದೆ ಕೂತು ಕಾಲರ್ ಹೊಲೀತೀಯಾ? ತಲೆ ಕೆಟ್ಟಿದೆ ನಿನಗೆ.

ಸ್ಫೂರ್ತಿ


ಚೌಳಹಿರಿಯೂರು
18 ನವೆಂಬರ್ 2024

ಸ್ಫೂರ್ತಿ,

ಒಂದೇ ಡಬ್ಬಿ, ಹೌದು. ಯಾರ ಡಬ್ಬಿ? ನಿಧಾನವಾಗಿ ನೆನಪು ಮಾಡ್ಕೋ. ನಾನು ತಂದ ದಿನ ನಿನಗೆ ಹಸಿವಿರ್ತಿರಲಿಲ್ಲ.

ಹೋದ ವರ್ಷ ನಿಮ್ಮಪ್ಪನ ಕಾರಲ್ಲಿ ಹೊಸದುರ್ಗಕ್ಕೆ ಹೋಗೋವಾಗ ನಮ್ಮನೆ ಮುಂದೆ ನಿಲ್ಲಿಸಿ ಮಾತಾಡಿಸೋಕೆ ನನ್ನ ಕರೆದೆ. ಅಮ್ಮ ಅಂಗನವಾಡಿಯಿಂದ ಆಗ ತಾನೇ ಬಂದಿದ್ದಳು. ಕೈಕಾಲು ತೊಳೆದು, ಲೋಟ ಬೆಳಗಿ, ನೀರು ತಂದಳು. ಈಗ ತಾನೇ ಕುಡಿದೆ ಆಂಟಿ ಅಂದೆ ನೀನು. ಕಾರು ಹೋದ ಮೇಲೂ ಅಮ್ಮ ಆ ಲೋಟ ಹಿಡ್ಕೊಂಡು ನಿಂತಿದ್ದಳು. ಆ ನೀರನ್ನ ನಾನೇ ಕುಡಿದೆ.

ಇದನ್ನ ಹೇಳಬಾರದು ಅಂತಿದ್ದೆ. ಸಿಲಬಸ್ ಮೇಲೆ ಹಾಕಿದೆಯಲ್ಲ, ಅದಕ್ಕೆ ಹೇಳಿದೆ.

ಸಂಘಮಿತ್ರಾ


ಅಜ್ಜಂಪುರ
30 ನವೆಂಬರ್ 2024

ಮಿತ್ರಾ,

ನಾಕೈದು ಸಲ ಬರೆದು ಹರಿದೆ. ಈ ಸಲ ಏನೇ ಆಗ್ಲಿ ಪೋಸ್ಟ್ ಮಾಡ್ತೀನಿ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಾನು ಆ ಪ್ರೋಗ್ರಾಂ ಮೊದಲು ಬರೆದಾಗ ಎರಡೂ ಕ್ಲಾಸು ಒಂದೇ ಪ್ಯಾಕೇಜಿನಲ್ಲೇ ಇದ್ದವು. ಆಗ ನನಗೆ ಆ ನಿಯಮ ನೆನಪಿರಲಿಲ್ಲ. ಎರರ್ ಬರುತ್ತೆ ಅಂತ ಕಾದೆ. ಬರಲಿಲ್ಲ. "ಮಿತ್ರಾ ನಡುಮನೆಗೆ ಬಂದಳು" ಅಂತ ಬಂತು. ಥತ್, ಏನೋ ತಪ್ಪಾಗಿದೆ ಅಂತ ಪುಸ್ತಕ ತಿರುವಿ ನೋಡಿ, ನಿನ್ನನ್ನ ಬೇರೆ ಪ್ಯಾಕೇಜಿಗೆ ಹಾಕಿದೆ. ಎರರ್ ಬಂತು. ಸದ್ಯ, ಸರಿ ಹೋಯ್ತು ಅಂತ ಅಂದ್ಕೊಂಡು ಹೋಗಿ ಊಟ ಮಾಡಿದೆ.

ಜಾವಾ ನಿನ್ನನ್ನ ಒಳಗೆ ಬಿಟ್ಟಿತ್ತು ಕಣೇ. ಅದು ನನಗೆ ತಪ್ಪಾಗಿ ಕಂಡಿತು. ಹೊರಗೆ ಹಾಕಿದ್ದು ಸರಿ ಅನ್ನಿಸಿತು. ಇದನ್ನ ನಿನ್ನ ಕಾಗದ ಬರೋವರೆಗೂ ನಾನು ಯೋಚನೇನೇ ಮಾಡಿರಲಿಲ್ಲ. ಈಗ ಯೋಚನೆ ಬಿಟ್ಟು ಬೇರೇನೂ ಬರ್ತಿಲ್ಲ. ನನಗೆ ನಾಚಿಕೆ ಆಗ್ತಿದೆ. ಡಬ್ಬಿ ವಿಷಯಕ್ಕೂ, ನೀರಿನ ವಿಷಯಕ್ಕೂ. ಆಂಟಿ ಲೋಟ ಚಾಚಿದ ತಕ್ಷಣ ಬೇಡ ಅನ್ನೋದು ನನ್ನ ಬಾಯಿಗೆ ತಾನೇ ಬಂತು.

ಮನೇಲಿ ಕೇಳಿದೆ. ಊಟಕ್ಕೆ ಕೂತಾಗಲೇ ಕೇಳಿದೆ, ಮಿತ್ರಾನ ಯಾಕೆ ಜಗಲೀಲಿ ಕೂರಿಸಿದ್ರಿ ಅಂತ. ಅಜ್ಜಿ ಮುದ್ದೆ ಮುರೀತಾ, ಅವರಿಗೇನು ನಾವು ಕೆಟ್ಟದು ಬಯಸ್ತೀವಾ, ಅವರವರ ಜಾಗದಲ್ಲಿ ಅವರವರು ಅಂದಳು. ಬೈದಿದ್ರೆ ಜಗಳ ಆಡಬಹುದಿತ್ತು. ಅವಳು ಮೆತ್ತಗೆ ಹೇಳಿದಳು. ಅಪ್ಪ, ಮಠದಲ್ಲಿ ಎಲ್ಲರ ಜೊತೆ ಒಂದೇ ಸಾಲಲ್ಲಿ ಕೂತು ಉಣ್ತೀನಲ್ಲ ನಾನು, ಮಠ ಮಠ, ಮನೆ ಮನೆ, ಸುಮ್ನೆ ಊಟ ಮಾಡು ಅಂದ್ರು. ಅಮ್ಮ ಸಾರು ಬಡಿಸ್ತಾ ಇದ್ದಳು, ಬಡಿಸ್ತಾನೇ ಇದ್ದಳು.

ನೀನು ಬಾ. ನಾನೇ ಕೈ ಹಿಡಿದು ನಡುಮನೆಗೆ ಕರ್ಕೊಂಡು ಹೋಗ್ತೀನಿ. ಯಾರು ಏನಂತಾರೋ ನೋಡೇಬಿಡೋಣ.

ಸ್ಫೂರ್ತಿ


ಚೌಳಹಿರಿಯೂರು
7 ಡಿಸೆಂಬರ್ 2024

ಸ್ಫೂರ್ತಿ,

ಮೊದಲು ಇದನ್ನ ಹೇಳಿಬಿಡ್ತೀನಿ. ನಾನು ನಿಮ್ಮನೆಗೆ ಬರಲ್ಲ. ಯಾರು ಏನಂತಾರೋ ನೋಡೋಣ ಅಂತ ಕರೀತೀಯ. ನೀನು ನೋಡ್ತೀಯ, ಅನ್ನಿಸ್ಕೊಳ್ಳೋಳು ನಾನು. ನಾನು ನಿನ್ನ ಟೆಸ್ಟ್ ಕೇಸ್ ಅಲ್ಲ.

ಆದ್ರೆ ಮೊದಲು ಒಳಗೆ ಬಿಟ್ಟಿತ್ತು ಅಂತ ಬರೆದೆಯಲ್ಲ, ಅದನ್ನ ನೀನು ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ. ಹೇಳಿದೆ. ಅದಕ್ಕೆ ಈ ಕಾಗದ.

ನಿನ್ನೆ ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಅಪ್ಪ ಬೆಳಿಗ್ಗೆ ಲೈಟ್ ಕಂಬದ ಕೆಲಸಕ್ಕೆ ಹೋಗೋ ಮುಂಚೆ ಫೋಟೊಗೆ ಹೂ ಇಟ್ಟು, ನನ್ನ ಕಡೆ ತಿರುಗದೇ, ಗಾರ್ಮೆಂಟ್ಸಿಗೆ ಹೋಗೋದಾದ್ರೆ ಹೋಗಮ್ಮಾ, ಆದ್ರೆ ಅವರು ನಕ್ಕರು ಅಂತ ಹೋಗಬೇಡ ಅಂದ. ಅಷ್ಟೇ ಅಂದಿದ್ದು. ದಿನವಿಡೀ ಅದೇ ಕಿವಿಯಲ್ಲಿತ್ತು. ಸೋಮವಾರದಿಂದ ಕಾಲೇಜಿಗೆ ಬರ್ತೀನಿ. ಹನುಮಂತಯ್ಯನವರಿಗೆ ಫೋನ್ ಮಾಡಿದೆ, ಇನ್ನು ಮುಂದೆ ಒಂದೂ ತಪ್ಪಿಸದಿದ್ರೆ ಅಟೆಂಡೆನ್ಸ್ ಹೇಗೋ ಸಾಕಾಗುತ್ತಂತೆ.

ನಿನ್ನ ಪಕ್ಕ ಕೂರಲ್ಲ. ಸದ್ಯಕ್ಕೆ ಮಾತೂ ಬೇಡ. ಎದುರಿಗೆ ಸಿಕ್ಕಿದ್ರೆ ನೀನು ನನಗೆ ಮಾತಾಡೋಕೆ ಬಿಡಲ್ಲ. ಕಾಗದದಲ್ಲಾದ್ರೆ ನೀನು ನಡುವೆ ಬಾಯಿ ಹಾಕೋಕಾಗಲ್ಲ.

ಬರೋದಾದ್ರೆ ನೀನು ಬಾ. ಹದಿನೈದನೇ ತಾರೀಕು ಭಾನುವಾರ. ಅಮ್ಮ ಅವರೇಕಾಳು ಸಾರು ಮಾಡ್ತಾಳೆ. ನಮ್ಮನೇಲಿ ಜಗಲಿ ಇಲ್ಲ. ಬಾಗಿಲು ದಾಟಿದ್ರೆ ಅಡಿಗೆಮನೆ. ಹೊಟ್ಟೆ ತುಂಬಿದೆ ಅನ್ನೋದಾದ್ರೆ ಬರಬೇಡ.

ಸಂಘಮಿತ್ರಾ


ಚೌಳಹಿರಿಯೂರು
18 ಡಿಸೆಂಬರ್ 2024

ಸ್ಫೂರ್ತಿ,

ನೀನು ಉಂಡು ಹೋದ ಮೇಲೆ ಅಮ್ಮ ಎರಡು ದಿನ ಅದೇ ಮಾತು. ಹುಡುಗಿ ಎರಡನೇ ಸಲ ಸಾರು ಹಾಕಿಸ್ಕೊಂಡಳು, ಬೆರಳು ನೆಕ್ಕಿದಳು ಅಂತ ಅಂಗನವಾಡಿಯಲ್ಲೂ ಹೇಳಿದಾಳಂತೆ. ಮೊದಲ ತುತ್ತಿಗೆ ನಿನ್ನ ಕೈ ಸ್ವಲ್ಪ ತಡೆದಿದ್ದನ್ನ ನಾನು ನೋಡಿದೆ. ಆಮೇಲೆ ತಡೀಲಿಲ್ಲ, ಅದನ್ನೂ ನೋಡಿದೆ. ನನಗೆ ಖುಷಿ ಆಯ್ತು. ಖುಷಿ ಆಯ್ತು ಅಂತ ಬರೆಯೋಕೆ ಮೂರು ದಿನ ಹಿಡೀತು.

ಇನ್ನೊಂದು ಮಾತೂ ಬರೀಬೇಕು. ನಮ್ಮಣ್ಣ ಆನಂದ್ ಫೋಟೊ ತೆಗೆದನಲ್ಲ, ನೀನು, ನಾನು, ಅಮ್ಮ, ಒಲೆ ಪಕ್ಕ ತಟ್ಟೆ ಇಟ್ಕೊಂಡು. ಬಸ್ ಹತ್ತೋವಾಗ ನೀನು ಅವನ ಹತ್ರ ಹೋಗಿ, ಅಣ್ಣಾ ಅದನ್ನ ಸ್ಟೇಟಸ್ ಹಾಕಬೇಡಿ, ನಮ್ಮ ಕಡೆಯೋರು ನೋಡ್ತಾರೆ ಅಂದೆ. ಮೆಲ್ಲಗೆ ಅಂದೆ. ನನಗೆ ಕೇಳಿಸಿತು.

ಅವನು ಹಾಕಲಿಲ್ಲ. ನಾನು ಅಮ್ಮಂಗೆ ಹೇಳಲಿಲ್ಲ. ನಿನಗೆ ಮಾತ್ರ ಹೇಳ್ತಿದೀನಿ. ನಮ್ಮನೆ ಒಳಗೆ ನೀನು ಬಂದೆ. ನಿನ್ನ ಫೋನೊಳಗೆ ನಾನು ಇನ್ನೂ ಹೊರಗೇ ಇದೀನಿ.

ಫೋಟೊ ಇದರ ಜೊತೆ ಇಟ್ಟಿದೀನಿ. ಕಡೂರಲ್ಲಿ ಪ್ರಿಂಟ್ ಹಾಕಿಸಿದೆ. ಇಟ್ಕೋ, ಹರಿ, ನಿನ್ನ ಇಷ್ಟ.

ಮಿತ್ರಾ


ಅಜ್ಜಂಪುರ
2 ಜನವರಿ 2025

ಮಿತ್ರಾ,

ಬಹಳ ದಿನದ ಮೇಲೆ ಮಿತ್ರಾ ಅಂತ ಸಹಿ ಹಾಕಿದೀಯ. ಅದನ್ನೇ ಸುಮಾರು ಹೊತ್ತು ನೋಡ್ತಾ ಕೂತಿದ್ದೆ.

ಫೋಟೊ ಟೇಬಲ್ ಮೇಲಿಟ್ಟು, ತೆಗೆದು, ಪುಸ್ತಕದೊಳಗಿಟ್ಟು, ಮತ್ತೆ ತೆಗೆದು, ಒಂದು ವಾರ ಹೀಗೇ ಆಯ್ತು. ಧೈರ್ಯ ಸಾಲಲಿಲ್ಲ. ಹೊಸ ವರ್ಷದ ದಿನ ಎಲ್ಲರೂ ಸ್ಟೇಟಸ್ಸಿಗೆ ಕೇಕು ಗೀಕು ಹಾಕ್ತಿದ್ರು. ನಾನು ನಿಮ್ಮಮ್ಮನ ಅಡಿಗೆಮನೆ ಹಾಕಿದೆ. ಚೌಳಹಿರಿಯೂರು, ಮಿತ್ರಾ ಮನೆ, ಅವರೇಕಾಳು ಸಾರು ಅಂತ ಕೆಳಗೆ ಬರೆದೆ. ಕಾಗುಣಿತ ಸರಿ ಇದೆಯಾ ಅಂತ ನಾಕು ಸಲ ನೋಡಿ ಆಮೇಲೆ ಒತ್ತಿದೆ ಕಣೇ. ನಗಬೇಡ.

ಮಧ್ಯಾಹ್ನದೊಳಗೆ ಸಿದ್ದಲಿಂಗೇಶ್ ಚಿಕ್ಕಪ್ಪ ತರೀಕೆರೆಯಿಂದ ಅಪ್ಪಂಗೆ ಫೋನ್ ಮಾಡಿದ್ರು. ಅಪ್ಪ ಮಂಡಿಯಿಂದ ಬಂದೋರು ಅದನ್ನ ತೆಗಿ ಅಂದ್ರು. ತೆಗೆಯಲ್ಲ ಅಂದೆ. ಅಪ್ಪನ ಎದುರಿಗೆ ನಾನು ಹಂಗೆ ಅಂದಿದ್ದು ಅದೇ ಮೊದಲು. ಅವರು ಚಪ್ಪಲಿ ಮೆಟ್ಕೊಂಡು ವಾಪಸ್ ಹೋದ್ರು.

ಸಂಜೆ ಟೀ ಹೊತ್ತಿಗೆ ನಾನು ನಡುಮನೆಗೆ ಹೋದ್ರೆ, ಅಜ್ಜಿ, ಹೊರಗೆ ಕೂತ್ಕೋ ಮಗಾ ಅಂದಳು. ಮಗಾ ಅಂತಾನೇ ಅಂದಳು. ಚಾಪೆ ಹಾಸಿದ್ದಳು. ಪೇಪರ್ ಲೋಟದಲ್ಲಿ ಟೀ ಇಟ್ಟಿದ್ದಳು. ಊಟಾನೂ ಅಲ್ಲಿಗೇ ಬಂತು. ಇವತ್ತೂ ಹಂಗೇ, ಈ ಕಾಗದ ಅಲ್ಲಿಂದಲೇ ಬರೀತಿದೀನಿ.

ಜಗಲೀಲಿ ಕೂತ್ರೆ ನಡುಮನೆ ಪೂರ್ತಿ ಕಾಣುತ್ತೆ, ಗೊತ್ತಾ? ಗೊತ್ತಿರುತ್ತೆ ನಿನಗೆ. ಟಿವಿ, ಸೋಫಾ, ಸ್ಟೀಲ್ ಲೋಟ ಜೋಡಿಸಿರೋ ಗಾಜಿನ ಬೀರು, ಎಲ್ಲ ಕಾಣುತ್ತೆ. ಹುಟ್ಟಿದಾಗಿಂದ ಈ ಮನೇಲಿದೀನಿ, ಇದನ್ನ ಈ ಕಡೆಯಿಂದ ನೋಡಿರಲಿಲ್ಲ. ಅವತ್ತು ನೀನು ಇದನ್ನೆಲ್ಲ ನೋಡ್ತಾ ಟೀ ಕುಡೀತಿದ್ದೆ. ನಾನು ಒಳಗೆ ನಿನ್ನ ರೆಕಾರ್ಡ್ ಬುಕ್ ಹುಡುಕ್ತಾ, ಬಾರೇ ಒಳಗೆ ಅಂತ ಒಂದು ಮಾತು ಕೂಗಲಿಲ್ಲ.

ನಾನೇನೋ ಮಹಾ ಕಷ್ಟಪಡ್ತಿದೀನಿ ಅಂತ ತಿಳ್ಕೋಬೇಡ. ಒಂದು ವಾರ ಹೋದ್ರೆ ಅಜ್ಜಿ ಮರೀತಾಳೆ, ನನ್ನ ಒಳಗೆ ಕರೀತಾಳೆ. ನನ್ನ ಕರೀತಾಳೆ ಅಷ್ಟೇ, ನಿನ್ನ ಅಲ್ಲ. ಅದು ನನಗೆ ಗೊತ್ತು. ಪ್ರೋಗ್ರಾಂ ಆಗಿದ್ರೆ ಒಂದು ಸಾಲು ಅಳಿಸಿದ್ರೆ ಮುಗೀತಿತ್ತು. ಇಲ್ಲಿ ಎಲ್ಲಿ ಅಳಿಸಬೇಕು ಅಂತಾನೇ ತಿಳೀತಿಲ್ಲ.

ಅದಕ್ಕೇ ಈ ಸಲ ಬಾ ಅಂತ ಕರೆಯಲ್ಲ. ಬರಬೇಡ. ಎರರ್ ಇನ್ನೂ ಬರ್ತಿದೆ. ನಿನ್ನನ್ನ ಕಳಿಸಿ ನೋಡಲ್ಲ, ನಾನೇ ಹುಡುಕಿ ಸರಿ ಮಾಡ್ತೀನಿ. ಸರಿ ಆದ ದಿನ ಕರೀತೀನಿ. ಎಷ್ಟು ದಿನ ಅಂತ ಕೇಳಬೇಡ, ಗೊತ್ತಿಲ್ಲ.

ಪ್ರಾಜೆಕ್ಟಿನಲ್ಲಿ ನಿನ್ನ ಭಾಗ ಹಂಗೇ ಖಾಲಿ ಇಟ್ಟಿದೀನಿ. ಬರಿ.

ಕಾಗದ ಮಡಚೋಕೆ ಹೋದೆ, ಮತ್ತೆ ತೆಗೆದು ಬರೀತಿದೀನಿ. ಈಗ ಅಮ್ಮ ಹೊರಗೆ ಬಂದಳು. ಏನಮ್ಮಾ ಅಂದೆ. ಏನಿಲ್ಲ ಅಂದಳು. ಚಾಪೆ ಈ ಕಡೆ ಎಳ್ಕೊಂಡು ನನ್ನ ಪಕ್ಕ ಕೂತಳು. ಅವಳ ಟೀ ಜೊತೆಗೇ ತಂದಿದಾಳೆ. ಅವಳ ಕೈಯಲ್ಲೂ ಪೇಪರ್ ಲೋಟ ಇದೆ.

ನಿನ್ನ
ಸ್ಫೂರ್ತಿ